ಬ್ಯಾನರ್ ಅಕ್ಷರದ ಬಗ್ಗೆ ಸೂಚನೆ

ಎಲ್ಲರಿಗೂ ನಮಸ್ಕಾರ. ಶಿರಸಿ ಯಕ್ಷಗಾನದ 10×4 ಅಡಿ ಬ್ಯಾನರ್ ಶುಕ್ರವಾರ ಮುದ್ರಣಕ್ಕೆ ಹೋಗಲಿದೆ. ವಿನ್ಯಾಸ ಮಾಡುವವರು ದಯವಿಟ್ಟು ಗಮನಿಸಿ.

ಶೀರ್ಷಿಕೆಗೆ ಮಾತ್ರ ಬಾಲೂ ತಮ್ಮ 2 ಫಾಂಟ್‌ನ ಎಕ್ಸ್‌ಟ್ರಾ ಬೋಲ್ಡ್ ಬಳಸಿ (ಗೂಗಲ್ ಫಾಂಟ್ಸ್‌ನಲ್ಲಿ ಉಚಿತ). ದಿನಾಂಕ, ಸ್ಥಳಕ್ಕೆ ಅದರದ್ದೇ ಮೀಡಿಯಂ ಸಾಕು. ಎರಡು ಸಾಲಿದ್ದರೆ ಅಂತರ ಅಕ್ಷರದಳತೆಯ ಒಂದೂವರೆ ಪಟ್ಟು ಇರಲಿ. ಇಂಗ್ಲಿಷಿನಂತೆ ಒತ್ತಿ ಕೂರಿಸಿದರೆ ಮೇಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದಪ್ಪ ಅಕ್ಷರಕ್ಕೆ ಮತ್ತೆ ಹೊರಗೆರೆ ಖಂಡಿತ ಬೇಡ. ಹೊಟ್ಟೆಸೀಳು ಮುಚ್ಚಿಹೋಗಿ ದೂರದಿಂದ ‘ಧ’ ‘ದ’ ಆಗಿ ಕಾಣುತ್ತದೆ, ಹೆಸರೇ ತಪ್ಪಾದಂತೆ.

ಕಾಗುಣಿತ ನೋಡಿದ ಮೇಲೆ ಅಕ್ಷರಗಳನ್ನು ಕರ್ವ್ಸ್‌ಗೆ (ಫಾಂಟ್ ಬೇಕಿಲ್ಲದ ಆಕಾರಗಳಿಗೆ) ಬದಲಿಸಿ ಪಿಡಿಎಫ್ ಕಳಿಸಿ. ತಿದ್ದಬಹುದಾದ ಪ್ರತಿ ಬೇರೆ ಇಡಿ. ಯಾರು ಮಾಡುತ್ತೀರಿ, ಇಂದು ರಾತ್ರಿ 9ರೊಳಗೆ ಇಲ್ಲೇ ತಿಳಿಸಿ.