ವಸಂತಗೀತೆಗೆ ಬೇಕು ನಿಜವಾದ ವೃಂದಗಾನ

ಮಾನ್ಯ ಸಂಪಾದಕರೇ,

ಯುಗಾದಿಯ ಆಸುಪಾಸಿನಲ್ಲಿ ಮೈಸೂರಿನ ಶಾಲೆಗಳಲ್ಲಿಯೂ ಬಡಾವಣೆಗಳ ವೇದಿಕೆಗಳಲ್ಲಿಯೂ ಮಕ್ಕಳಿಂದ ವಸಂತಗೀತೆಗಳನ್ನು ಹಾಡಿಸುವ ರೂಢಿ ಉಳಿದುಬಂದಿರುವುದು ಸಂತೋಷದ ವಿಷಯ. ಆದರೆ ಹಾಡಿಸುವ ಬಗೆ ಬೇಸರ ತರಿಸುತ್ತದೆ. ಈ ಸಲ ನಾನು ಕಂಡ ಕಾರ್ಯಕ್ರಮವೊಂದರಲ್ಲಿ ಪೆನ್‌ಡ್ರೈವ್‌ನ ಟ್ರ್ಯಾಕ್ ಸಭಾಂಗಣವನ್ನೆಲ್ಲ ತುಂಬಿತ್ತು. ಮೈಕು ಮುಂದಿನ ಸಾಲಿನ ಇಬ್ಬರು ಹುಡುಗಿಯರ ಕೈಯಲ್ಲಿತ್ತು. ಹಿಂದಿನ ಸಾಲಿನ ಮಕ್ಕಳ ತುಟಿಗಳು ಅಲುಗುತ್ತಿದ್ದವೇ ಹೊರತು ಅವರ ದನಿ ನಮಗೆ ತಲುಪಲೇ ಇಲ್ಲ.

ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ವಸಂತ ಬಂದ’ ಕವಿತೆ ನಮ್ಮ ತಲೆಮಾರಿನವರಿಗೆ ಬಾಯಿಪಾಠ. ಅದರ ಮೂಲವಾದ, 16ನೇ ಶತಮಾನದ ಥಾಮಸ್ ನ್ಯಾಶ್ ರಚಿಸಿದ ಪದ್ಯವನ್ನು ಇಂಗ್ಲಿಷ್ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ ಅವರು 1949ರಲ್ಲಿ ಮೊದಲ ಪ್ರದರ್ಶನ ಕಂಡ ತಮ್ಮ ‘ಸ್ಪ್ರಿಂಗ್ ಸಿಂಫನಿ’ಯಲ್ಲಿ ಅಳವಡಿಸಿಕೊಂಡರು. ವಾದ್ಯಮೇಳದೊಡನೆ ದೊಡ್ಡವರ ವೃಂದವೂ ಬಾಲಕರ ವೃಂದವೂ ಸೇರಿ ಹಾಡುವ ಈ ಕೃತಿಯ ಕೊನೆಯಲ್ಲಿ ಬಾಲಕರು ಎತ್ತಿಕೊಳ್ಳುವುದು, ಕೋಗಿಲೆಯ ಕೂಗಿರುವ 13ನೇ ಶತಮಾನದ ಹಾಡೊಂದನ್ನು. ಆ ಹಳೆಯ ಹಾಡಿನ ಕಟ್ಟಡ ಬಹಳ ಸೊಗಸಾದುದು: ನಾಲ್ಕು ದನಿಗಳು ಒಂದೇ ಧಾಟಿಯನ್ನು ಒಂದರ ಹಿಂದೊಂದರಂತೆ ಹಿಡಿಯುತ್ತವೆ, ಇನ್ನೆರಡು ದನಿಗಳು ಕೆಳಗಿನಿಂದ ಪುಟ್ಟದೊಂದು ಸಾಲನ್ನು ತಿರುತಿರುಗಿ ಹಾಡುತ್ತಿರುತ್ತವೆ.

ಈ ಕ್ರಮವನ್ನು ನಮ್ಮ ಮಕ್ಕಳಿಗೆ ಕಲಿಸುವುದು ಕಷ್ಟವೇನಲ್ಲ. ಮೋಹನ ರಾಗದ ಐದು ಸ್ವರಗಳಲ್ಲಿ ಯಾವ ಎರಡೂ ತೀರ ಒತ್ತೊತ್ತಾಗಿ ಇಲ್ಲದಿರುವುದರಿಂದ, ಒಂದು ಗುಂಪು ಸಾಲಿನ ಕೊನೆಯಲ್ಲಿರುವಾಗ ಮತ್ತೊಂದು ಮೊದಲಿನಿಂದ ಆರಂಭಿಸಿದರೂ ಕಿವಿಗೆ ಕರ್ಕಶವೆನಿಸದು. ಹೆಸರಿಗೆ ಒಪ್ಪುತ್ತದೆಂದು ವಸಂತ ರಾಗವನ್ನೇ ಆರಿಸಿದರೆ, ಅದರ ಗಾಂಧಾರ ಮಧ್ಯಮಗಳೂ ನಿಷಾದ ಷಡ್ಜಗಳೂ ಪಕ್ಕಪಕ್ಕದಲ್ಲಿರುವುದರಿಂದ, ಹೊಸಬರಿಗೆ ತೊಡಕಾದೀತು. ಒಂದು ಶ್ರುತಿಪೆಟ್ಟಿಗೆ, ತಾಳ ಹಿಡಿಯುವ ಒಬ್ಬ ಶಿಕ್ಷಕರು ಇದ್ದರೆ ಆರಂಭಕ್ಕೆ ಸಾಕು. ಟ್ರ್ಯಾಕ್ ಇಲ್ಲದಿದ್ದಾಗಲೇ ಪಕ್ಕದವರ ದನಿಗೆ ಕಿವಿಗೊಟ್ಟು ಹಾಡುವ ಅಭ್ಯಾಸ ಮಕ್ಕಳಿಗೆ ಕೂಡಿಬರುತ್ತದೆ.

ಬೇಸಿಗೆ ರಜೆಯಲ್ಲಿ ರಂಗಾಯಣ ನಡೆಸುವ ಚಿಣ್ಣರ ಮೇಳದಲ್ಲಿ ಇಂತಹ ಬಹುದನಿ ಗಾಯನಕ್ಕೂ ಸಮಯ ಒದಗಿಸಬೇಕು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಶಾಲಾ ಸಂಗೀತ ಶಿಕ್ಷಕರಿಗೆ ತರಬೇತಿ ಏರ್ಪಡಿಸಿ, ಮುಂದಿನ ಚೈತ್ರದಲ್ಲಿ ಕಲಾಮಂದಿರದಲ್ಲಿ ಟ್ರ್ಯಾಕ್ ಬಳಸದ ಮಕ್ಕಳ ವೃಂದಗಾನದ ಒಂದು ಸಂಜೆಯನ್ನು ನಡೆಸಬೇಕೆಂದು ವಿನಂತಿಸುತ್ತೇನೆ.

– ಸಂಗೀತಾಸಕ್ತ ಓದುಗರು, ಸರಸ್ವತಿಪುರಂ, ಮೈಸೂರು