ಪರದೆ ಕಪ್ಪಾದರೆ ಕಾರೇ ಕುರುಡು: ಕಾರು ಕಂಪನಿಗೆ ಒಂದು ದೂರು ಪತ್ರ

ಗೆ,
ವಿನ್ಯಾಸ ವಿಭಾಗದ ಮುಖ್ಯಸ್ಥರು ಹಾಗೂ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಹೊಸ ಕಾರಿನ ಟಚ್‌ಸ್ಕ್ರೀನ್ ಪದೇ ಪದೇ ಕೈಕೊಡುತ್ತಿರುವುದು ಮತ್ತು ಅದಕ್ಕೆ ಕಾರಣವಾದ ವಿನ್ಯಾಸದ ಬಗ್ಗೆ ಆಕ್ಷೇಪ

ಮಾನ್ಯರೇ,

ನಿಮ್ಮ ಹೊಸ ಮಾದರಿಯ ಕಾರಿನ ಮಾಲೀಕ ನಾನು. ಇದಕ್ಕೂ ಮೊದಲು ಇದೇ ಹೆಸರಿನ ಹಳೆಯ ತಲೆಮಾರಿನ ಕಾರನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಆ ನಂಬಿಕೆಯ ಮೇಲೆಯೇ ಬೇರೆ ಯಾವ ಷೋರೂಮಿಗೂ ಹೋಗದೆ ಇದನ್ನು ಕೊಂಡೆ.

ಡ್ಯಾಶ್‌ಬೋರ್ಡಿನ ನಡುವಿನ ಪರದೆ ಕಾರು ಓಡುತ್ತಿರುವಾಗಲೇ ಕಪ್ಪಾಗುತ್ತದೆ. ಹಾಡು ನಿಂತರೆ ಯಾರೂ ದೂರು ಬರೆಯುವುದಿಲ್ಲ. ಆದರೆ ನೀವು ಎಸಿ, ಬ್ಲೋವರ್, ಗಾಜಿನ ಮಬ್ಬು ತೆಗೆಯುವ ಗಾಳಿ ಎಲ್ಲವನ್ನೂ ಆ ಪರದೆಯೊಳಗೇ ತುರುಕಿದ್ದೀರಿ. ಕಳೆದ ಬಾರಿ ಹೀಗಾದಾಗ ರಾತ್ರಿ, ಜೋರು ಮಳೆ. ಮುಂದಿನ ಗಾಜಿಗೆ ಒಳಗಿನಿಂದ ಮಬ್ಬು ಕಟ್ಟತೊಡಗಿತು. ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಲು ಕೈಗೆ ಸಿಗುವಂಥದ್ದು ಒಂದೂ ಇಲ್ಲ. ರಸ್ತೆ ಬದಿಗೆ ನಿಲ್ಲಿಸಿ, ಕಿಟಕಿ ಇಳಿಸಿ, ಬಟ್ಟೆಯಿಂದ ಗಾಜು ಒರೆಸಿಕೊಂಡು ಹೊರಡಬೇಕಾಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಪರದೆಯ ಜೊತೆಗೆ ಹಿಂಬದಿಯ ಕ್ಯಾಮೆರಾ ಕೂಡ ಹೋಗುತ್ತದೆ. ಇಳಿಜಾರು ಛಾವಣಿಯ ಸ್ಪೋರ್ಟಿ ಕಾರಿನಂತೆ (ಕೂಪೆ) ಕಾಣಲಿ ಎಂದು ನೀವು ಛಾವಣಿಯನ್ನು ಹಿಂದಕ್ಕೆ ಇಳಿಸಿ, ಹಿಂದಿನ ಗಾಜನ್ನು ಕಿರಿದು ಮಾಡಿ, ಹಿಂದಿನ ಕಂಬಗಳನ್ನು ದಪ್ಪ ಮಾಡಿದ್ದೀರಿ. ಕತ್ತು ತಿರುಗಿಸಿ ನೋಡಿದರೆ ಕಾಣುವುದು ಪ್ಲಾಸ್ಟಿಕ್ಕೇ ಹೊರತು ರಸ್ತೆಯಲ್ಲ. ಕ್ಯಾಮೆರಾ ಇದೆಯಲ್ಲ ಎಂಬ ಧೈರ್ಯದಲ್ಲಿ ಗಾಜು ಕಿರಿದಾಯಿತು. ಆ ಕ್ಯಾಮೆರಾ ಕೆಲಸ ಮಾಡದಿದ್ದಾಗ ರಿವರ್ಸ್ ತೆಗೆಯಲು ಯಾರಾದರೂ ಕೆಳಗಿಳಿದು ನಿಲ್ಲಬೇಕು. ಹಾಗಾಗಿ ನನ್ನ ಮಟ್ಟಿಗೆ ವಿನ್ಯಾಸದ ದೂರು, ಬಾಳಿಕೆಯ ದೂರು ಎಂದು ಎರಡಿಲ್ಲ.

ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸಲವೂ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿ ಕಳಿಸುತ್ತಾರೆ. ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರೂ ಜಾಬ್ ಕಾರ್ಡಿನಲ್ಲಿ ಬರೆಯುವುದು 'ದೋಷ ಕಂಡುಬಂದಿಲ್ಲ' ಎಂದೇ. ಅಲ್ಲಿನ ಮೆಕ್ಯಾನಿಕ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಮೇಲಿನಿಂದ ಬಂದದ್ದನ್ನಷ್ಟೇ ಅವರು ಮಾಡುತ್ತಾರೆ.

ಇಂಥದ್ದು ಹೊಸದೇನಲ್ಲ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಕಂಪನಿ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್‌ನ ಸುಮಾರು 1,35,000 ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಪರದೆ ನಡೆಸುವ ಕಂಪ್ಯೂಟರಿನ 8 ಜಿಬಿ ಮೆಮೊರಿ ಚಿಪ್, ಬರೆದು ಅಳಿಸಿ ಬರೆದು ಅಳಿಸಿ ಸವೆದುಹೋಗುತ್ತಿತ್ತು. ಅದರೊಂದಿಗೆ ಹಿಂಬದಿ ಕ್ಯಾಮೆರಾ, ಮಬ್ಬು ತೆಗೆಯುವ ನಿಯಂತ್ರಣ ಎಲ್ಲಕ್ಕೂ ಏಟು. ನನ್ನ ಕಾರಿನಲ್ಲೂ ಅದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಒಂದೇ ಚಿಪ್ಪಿಗೆ ಇಷ್ಟೆಲ್ಲವನ್ನೂ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದು ನೀವು ಈ ಕಾರು ಮಾಡುವಷ್ಟರಲ್ಲಿ ಜಗತ್ತಿಗೇ ಗೊತ್ತಿತ್ತು, ಅಷ್ಟೇ.

ಪರದೆ ಸರಿಯಾಗಿದ್ದಾಗಲೂ ಅದು ಕಣ್ಣನ್ನು ರಸ್ತೆಯಿಂದ ಕೀಳುತ್ತದೆ. ಸ್ವೀಡನ್ನಿನ ವಿ ಬಿಲ್‌ಎಗಾರೆ ಪತ್ರಿಕೆ 2022ರಲ್ಲಿ ಇದನ್ನು ಅಳೆದು ತೋರಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಸೀಟು ಬಿಸಿ ಮಾಡುವುದು, ರೇಡಿಯೋ ಸ್ಟೇಷನ್ ಹಿಡಿಯುವುದು ಮುಂತಾದ ನಾಲ್ಕು ಕೆಲಸಗಳು. ಬಟನ್‌ಗಳಿದ್ದ 2005ರ ವೋಲ್ವೋ ವಿ70ಯಲ್ಲಿ ಹಿಡಿದದ್ದು 10 ಸೆಕೆಂಡು, ಅತಿ ಹೆಚ್ಚು ಹೊತ್ತು ಹಿಡಿದ ಹೊಸ ಕಾರಿನಲ್ಲಿ 44.6 ಸೆಕೆಂಡು. ಅಷ್ಟರಲ್ಲಿ ಆ ಕಾರು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಓಡಿತ್ತು! ಇಂಡಿಕೇಟರ್, ಹಜಾರ್ಡ್ ಲೈಟು, ವೈಪರ್, ಹಾರ್ನ್‌ಗಳಿಗೆ ನಿಜವಾದ ಬಟನ್ ಅಥವಾ ಕಡ್ಡಿ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗದು ಎಂದು ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಹೇಳಿದ್ದು ಸುಮ್ಮನೆ ಅಲ್ಲ.

ನನ್ನ ಹಳೆಯ ಕಾರಿನಲ್ಲಿ ಎಸಿಗೆ ಮೂರು ಗುಂಡಗಿನ ನಾಬ್‌ಗಳಿದ್ದವು. ಅಂಚಿನಲ್ಲಿ ಸಣ್ಣ ಗೀರುಗಳು, ತಿರುಗಿಸಿದಾಗ ಒಂದೊಂದು ಹಂತಕ್ಕೂ ಬೆರಳಿಗೆ ತಾಗುವ ಟಿಕ್. ನಡುವಿನದರ ಮೇಲೆ ಒಂದು ಉಬ್ಬು ಗೆರೆ ಇತ್ತು. ಅದು ಯಾವ ಕಡೆ ತಿರುಗಿದೆ ಎಂದು ಕತ್ತಲಲ್ಲಿ ಮುಟ್ಟಿದರೇ ತಿಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಮೇಲಿನ ಬಣ್ಣ ಮಾಸಿತು, ಒಂದೂ ಸಡಿಲವಾಗಲಿಲ್ಲ. ನಿಮ್ಮ ಬ್ರ್ಯಾಂಡ್ ಎಂದರೆ ನನಗೆ ಆ ನಾಬ್. ಅದನ್ನು ಮಾಡಿದವರು ಓಡಿಸುವವನ ಕೈಯನ್ನು ನೆನೆದು ಮಾಡಿದ್ದರು. ಈಗ ಅದೇ ಜಾಗದಲ್ಲಿ ಬೆರಳಚ್ಚು ಹಿಡಿದುಕೊಳ್ಳುವ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇದೆ.

ಹೊರಗಿನ ಚಹರೆಯನ್ನೂ ಹೀಗೆಯೇ ಕೈಬಿಟ್ಟಿರಿ. ತಲೆಮಾರುಗಳಿಂದ ಬಂದ ಗುಂಡು ಹೆಡ್‌ಲ್ಯಾಂಪ್ ಹೋಗಿ ಎಲ್ಲರೂ ಹಾಕುವ ತೆಳು ಎಲ್‌ಇಡಿ ಪಟ್ಟಿ ಬಂತು. ಲೋಗೋ ಮುಚ್ಚಿದರೆ ಇದು ಯಾರ ಕಾರು ಎಂದು ನನಗೂ ಹೇಳಲಾಗದು. ಬಿಎಂಡಬ್ಲ್ಯು 2020ರಲ್ಲಿ 4 ಸೀರೀಸ್‌ನ ಗ್ರಿಲ್ಲನ್ನು ಕೆಳಗಿನವರೆಗೂ ಎಳೆದದ್ದು ನನಗಿನ್ನೂ ಒಗ್ಗಿಲ್ಲ. ಆದರೂ ಅದು 1933ರ 303 ಕಾರಿನಿಂದ ಬಂದ ಜೋಡಿ ಗ್ರಿಲ್ಲೇ, ದೂರದಿಂದಲೇ ಗುರುತು ಸಿಗುತ್ತದೆ. ಪೋರ್ಷೆ 1997ರ 996 ತಲೆಮಾರಿನ 911 ಕಾರಿಗೆ ತನ್ನದೇ ಇನ್ನೊಂದು ಕಾರು ಬಾಕ್ಸ್‌ಸ್ಟರ್ ಜೊತೆ ಹಂಚಿಕೊಂಡ ಹೆಡ್‌ಲ್ಯಾಂಪ್ ಹಾಕಿ ಅಭಿಮಾನಿಗಳಿಂದ ಬೈಸಿಕೊಂಡಿತು. 2004ರ 997ರಲ್ಲಿ ಮತ್ತೆ ದುಂಡನೆಯ ದೀಪಕ್ಕೆ ಮರಳಿತು. ಅಷ್ಟು ದೊಡ್ಡ ಕಂಪನಿಗೆ ಸಾಧ್ಯವಾದದ್ದು ನಿಮಗೂ ಸಾಧ್ಯ.

ನನ್ನ ಬೇಡಿಕೆ ಇಷ್ಟು. ಮತ್ತೊಂದು ಅಪ್‌ಡೇಟ್ ಬೇಡ, ಪರದೆಯ ಇಡೀ ಯೂನಿಟ್ಟನ್ನು ವಾರಂಟಿಯಲ್ಲಿ ಬದಲಿಸಿ. ಹೊಸ ಯೂನಿಟ್ಟಿಗೆ ಅದನ್ನು ಹಾಕಿದ ದಿನದಿಂದಲೇ ಪೂರ್ತಿ ವಾರಂಟಿ ಕೊಡಿ. ದೋಷ ಯಾವ ಭಾಗದ್ದು ಎಂದು ಲಿಖಿತವಾಗಿ ತಿಳಿಸಿ, ಇದೇ ಯೂನಿಟ್ ಇರುವ ಬೇರೆ ಮಾಲೀಕರಿಗೂ ತಿಳಿಸಿ. ಮುಂದಿನ ಮಾದರಿಯಲ್ಲಿ ಕನಿಷ್ಠ ಗಾಳಿ, ಉಷ್ಣತೆ ಮತ್ತು ಗಾಜಿನ ಮಬ್ಬಿಗಾದರೂ ಪರದೆಯ ಹಂಗಿಲ್ಲದ ನಾಬ್‌ಗಳನ್ನು ಕೊಡಿ.

ಜಾಬ್ ಕಾರ್ಡ್‌ಗಳ ಪ್ರತಿ ಹಾಗೂ ವಿಡಿಯೋಗಳನ್ನು ಲಗತ್ತಿಸಿದ್ದೇನೆ. ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ನಿಮ್ಮ ಕಾರಿನ ಮಾಲೀಕ