ತೊಟ್ಟಿಲ ಲೆಕ್ಕವೂ ಮುಯ್ಯಿ ಪುಸ್ತಕವೂ

ಮಾನ್ಯ ಸಂಪಾದಕರಿಗೆ,

ಅಡಿಕೆ ಸುಗ್ಗಿ ಮುಗಿದು ನಮ್ಮ ತೀರ್ಥಹಳ್ಳಿ ಕಡೆ ಲಗ್ನಗಳು ಶುರುವಾದವೆಂದರೆ ನೆಂಟರ ಮನೆಗಳಲ್ಲಿ ಮುಯ್ಯಿ ಬರೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಬರೆದ ಕೈ, ಅಕ್ಷರ ದುಂಡಗಿದೆ, ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ಅವರದು. ಲಗ್ನಪತ್ರಿಕೆಯ ಕೆಳತುದಿಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದ್ದರೂ ಚಪ್ಪರದ ಬಾಗಿಲಲ್ಲಿ ಒಂದು ಮೇಜು, ಒಂದು ಉದ್ದನೆಯ ಪುಸ್ತಕ ಮತ್ತು ಒಂದು ಕೈಚೀಲ ಇಲ್ಲದ ಮದುವೆಯನ್ನು ನಾನು ಕಂಡದ್ದು ಅಪರೂಪ. ಇದನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಇವತ್ತು ನಾವು ಕೊಟ್ಟದ್ದು ನಾಳೆ ನಮ್ಮ ಮನೆಯ ಮದುವೆಗೆ ಮರಳಿ ಬರುತ್ತದೆ ಎಂಬ ಧೈರ್ಯದಲ್ಲಿ ಎಷ್ಟೋ ಬಡವರ ಮಕ್ಕಳ ಲಗ್ನಗಳು ನಡೆದಿವೆ. ನನ್ನ ತಕರಾರು ಆ ಪುಸ್ತಕ ಮುಚ್ಚಿದ ಮೇಲೆ ತೆರೆದುಕೊಳ್ಳುವ, ಯಾರೂ ಬರೆದಿಡದ, ಆದರೆ ಯಾರೂ ಮರೆಯದ ಇನ್ನೊಂದು ಲೆಕ್ಕದ ಬಗ್ಗೆ.

ಮೊದಲ ವರ್ಷದ ಗೌರಿ ಹಬ್ಬದ ಬಾಗಿನ, ದೀಪಾವಳಿಗೆ ಅಳಿಯನನ್ನು ಕರೆಯುವುದು, ಮಗಳು ಬಸುರಿಯಾದರೆ ಬಯಕೆ ಊಟ, ಸೀಮಂತ, ಚೊಚ್ಚಲ ಹೆರಿಗೆ, ಬಾಣಂತನ, ತೊಟ್ಟಿಲ ಶಾಸ್ತ್ರ, ಮಗುವಿನ ಉಡಿದಾರ, ಹಾಲುಗಡಗ: ಇವೆಲ್ಲ ತವರಿನಿಂದಲೇ ಆಗಬೇಕು. ನಮ್ಮ ಸಂಬಂಧದ ಮನೆಯೊಂದರಲ್ಲಿ ಹುಡುಗಿಯ ತಂದೆ ಎರಡು ವರ್ಷಗಳ ಹಿಂದೆ ತೋಟದ ಫಸಲನ್ನು ಚೇಣಿಗೆ ಕೊಟ್ಟು, ಮುಂಗಡವಾಗಿ ಬಂದ ಹಣದಲ್ಲಿ ಮೊಮ್ಮಗುವಿಗೆ ಚಿನ್ನದ ಸರ ಮಾಡಿಸಿದರು. ಬೀಗರು ಅದನ್ನು ಕೇಳಿರಲಿಲ್ಲ. ‘ನಮ್ಮ ದೊಡ್ಡ ಸೊಸೆಯ ತವರಿನವರು ಹೀಗೆ ಮಾಡಿದ್ದರು’ ಎಂದು ಸೀಮಂತದ ಪಂಕ್ತಿಯಲ್ಲಿ ಮಾತಿನ ನಡುವೆ ಹೇಳಿದ್ದರು, ಅಷ್ಟೆ. ನಾಮಕರಣದ ದಿನ ಮಗುವಿನ ಕೊರಳಿಗೆ ಹಾಕುವ ಮೊದಲು ಆ ಸರ ನಾಲ್ಕು ಜನರ ಅಂಗೈಯಲ್ಲಿ ತೂಗಿತು. ಪಕ್ಕದಲ್ಲಿ ಕೂತಿದ್ದ ಬಾಣಂತಿ ಮಗುವಿನ ಮುಖ ನೋಡುತ್ತಿರಲಿಲ್ಲ, ಆ ಅಂಗೈಗಳನ್ನು ನೋಡುತ್ತಿದ್ದಳು.

ಇದು ವರದಕ್ಷಿಣೆಯೇ ಎಂದು ಕೇಳಿದರೆ ಕಾನೂನಿನ ಉತ್ತರ ಅಷ್ಟು ಸರಳವಾಗಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯು ಮದುವೆಯ ಸಂಬಂಧವಾಗಿ ಮದುವೆಗೆ ಮೊದಲು, ಮದುವೆಯಲ್ಲಿ ಅಥವಾ ಆಮೇಲೆ ಯಾವಾಗ ಕೊಟ್ಟರೂ ಅದನ್ನು ವರದಕ್ಷಿಣೆ ಎನ್ನುತ್ತದೆ. ಆದರೆ ಮಗು ಹುಟ್ಟಿದಾಗ ಮತ್ತು ಇತರ ಶಾಸ್ತ್ರಗಳಲ್ಲಿ ರೂಢಿಯಂತೆ ಕೊಡುವುದು ಆ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ, ಪಂಜಾಬಿನ ಪ್ರಕರಣವೊಂದರಲ್ಲಿ ಹೇಳಿದೆ. ನ್ಯಾಯಾಲಯವು ರೂಢಿಯನ್ನು ಗೌರವಿಸಿದ್ದು ಸರಿಯೇ ಇರಬಹುದು. ರೂಢಿಯ ಹೆಸರಿನಲ್ಲಿ ಆಸೆ ಬೆಳೆದಾಗ ಅದಕ್ಕೆ ಬೇಲಿ ಹಾಕುವವರು ಮಾತ್ರ ಎರಡೂ ಮನೆಯ ಹಿರಿಯರೇ, ಅದರಲ್ಲೂ ಅತ್ತೆಯರೇ ಆಗಬೇಕಾಗುತ್ತದೆ. ನಾನೂ ಒಬ್ಬ ಅತ್ತೆಯಾಗಿರುವುದರಿಂದ ಈ ಮಾತನ್ನು ಹಿಂಜರಿಯದೆ ಬರೆಯುತ್ತಿದ್ದೇನೆ.

ನಮ್ಮ ಹಿರಿಯರು ಮದುವೆಯ ಉಡುಗೊರೆಗೂ ತಾಯ್ತನಕ್ಕೂ ಸಂಬಂಧ ಕಲ್ಪಿಸಿರಲಿಲ್ಲವೆಂದಲ್ಲ. ಬಳುವಳಿಯಾಗಿ ಕರುವಿನ ಸಮೇತ ಹಸುವನ್ನು ಕೊಡುತ್ತಿದ್ದುದು, ಮಗಳು ಹೋದ ಮನೆಯಲ್ಲಿ ಹಾಲಿಗೆ ಕೈಚಾಚಬಾರದು, ನಾಳೆ ಅವಳಿಗೊಂದು ಮಗುವಾದರೆ ಅದಕ್ಕೂ ಆಗಬೇಕು ಎಂದು. ತಾಮ್ರದ ಹಂಡೆ ಕೊಟ್ಟರೆ ಅದು ಬಚ್ಚಲೊಲೆಯ ಮೇಲೆ ಕೂತು ಮೂರು ತಲೆಮಾರಿನ ಬಾಣಂತಿಯರಿಗೆ ನೀರು ಕಾಯಿಸುತ್ತಿತ್ತು. ಈಗ ನಾನು ಪುಸ್ತಕದಲ್ಲಿ ಬರೆಯುವ ಗೋಡೆ ಗಡಿಯಾರಗಳಲ್ಲಿ ಎಷ್ಟು ಅಟ್ಟ ಸೇರುತ್ತವೆಯೋ, ಎಷ್ಟು ಹೊಸ ಕಾಗದ ಸುತ್ತಿಸಿಕೊಂಡು ಮುಂದಿನ ಮದುವೆಗೆ ಹೊರಡುತ್ತವೆಯೋ! ಒಂದು ಗಡಿಯಾರವನ್ನಂತೂ ನಾನೇ ಎರಡು ಸಲ ಬರೆದಿದ್ದೇನೆಂಬ ಗುಮಾನಿ ನನಗಿದೆ.

ನನ್ನ ಮೊದಲ ಬಾಣಂತನ ಆಷಾಢದ ಮಳೆಯಲ್ಲಾಯಿತು. ಹದಿನೈದು ದಿನ ಬಿಸಿಲಿನ ಮುಖ ಕಾಣದ ಮಲೆನಾಡಿನಲ್ಲಿ ಎಳೆಕೂಸಿನ ಬಟ್ಟೆ ಒಣಗಿಸುವುದೇ ಒಂದು ಸಾಹಸ. ಅಮ್ಮ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಒಂದೊಂದೇ ಬಟ್ಟೆ ಹರಡಿ, ಲೋಬಾನದ ಚಿಟಿಕೆ ಉದುರಿಸುತ್ತಿದ್ದಳು. ನೋಡಲು ಬಂದವರು ತಂದದ್ದೇನು? ಒಬ್ಬರು ಹಳೆ ಅಕ್ಕಿ, ಒಬ್ಬರು ಕುಡಿಕೆಯಲ್ಲಿ ತುಪ್ಪ, ಮತ್ತೊಬ್ಬರು ಬೆಳ್ಳುಳ್ಳಿ, ಕಾಳುಮೆಣಸು. ಪಕ್ಕದ ಮನೆಯ ಅಜ್ಜಿ ತಂದದ್ದು ತೊಳೆದು ತೊಳೆದು ಮೆತ್ತಗಾದ ತನ್ನ ಎರಡು ನೂಲಿನ ಸೀರೆ. ಒಂದು ಹರಿದು ಕೂಸಿನ ಬಟ್ಟೆಯಾಯಿತು, ಇನ್ನೊಂದು ಜೋಲಿಯಾಯಿತು. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದ ಮೇಲೆ ಮೈಯೆಲ್ಲ ಹಗುರಾಗಿ, ಮೆಣಸಿನ ಸಾರಿನ ಅನ್ನ ಉಂಡು, ಸೂರಿನ ನೀರು ಬೀಳುವ ಸದ್ದು ಕೇಳುತ್ತ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಂಡಾಗ ಆದ ಸುಖವನ್ನು ನಾನು ಆಮೇಲೆ ಬೇರೆ ಯಾವುದರಲ್ಲೂ ಕಂಡಿಲ್ಲ. ಅಂದಿನ ಪದ್ಧತಿಗಳೆಲ್ಲ ಒಳ್ಳೆಯವೆಂದು ನಾನು ವಾದಿಸುವುದಿಲ್ಲ. ಬಾಣಂತಿಗೆ ನೀರು ಕುಡಿಯಲು ಕೊಡದೆ ಬಾಯಿ ಒಣಗಿಸಿದ್ದನ್ನೂ ನಾನು ಮರೆತಿಲ್ಲ. ಆದರೆ ಬಂದ ಪ್ರತಿ ವಸ್ತುವೂ ಆ ಕೋಣೆಯಲ್ಲಿ ಬಳಕೆಯಾಯಿತು, ಯಾವುದನ್ನೂ ಯಾರೂ ತೂಗಲಿಲ್ಲ. ನಮ್ಮ ಸರ್ಕಾರ ಬಡ ತಾಯಂದಿರಿಗೆಂದು ತಂದಿದ್ದ ‘ಮಡಿಲು’ ಕಿಟ್‌ನಲ್ಲಿ ಸೊಳ್ಳೆಪರದೆ, ಹೊದಿಕೆ, ಮಗುವಿನ ಬಟ್ಟೆ, ಸೋಪು ಇದ್ದದ್ದನ್ನು ಕಂಡಾಗ ಆ ಅಜ್ಜಿಯ ಸೀರೆಗಳು ನೆನಪಾಗಿದ್ದವು.

ಭೂಮಿ ಹುಣ್ಣಿಮೆಯಲ್ಲಿ ನಮ್ಮ ರೈತರು ಮಾಡುವುದೂ ಸೀಮಂತವೇ ತಾನೆ? ಹೊಡೆ ತುಂಬಿದ ಪೈರು ಬಸುರಿ ಹೆಂಗಸೆಂದು ಭಾವಿಸಿ, ರಾತ್ರಿಯಿಡೀ ಅಡುಗೆ ಮಾಡಿ, ಸೊಪ್ಪುಗಳನ್ನೆಲ್ಲ ಬೆರೆಸಿ ಬೇಯಿಸಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬೆಳಗಿನ ಜಾವ ಗದ್ದೆಗೆ ಒಯ್ದು ಚರಗ ಚೆಲ್ಲುತ್ತಾರೆ. ಮನೆಯ ಹೆಂಗಸರು ತಮ್ಮ ಕೊರಳಿನ ಸರವನ್ನು ಪೈರಿಗೆ ತೊಡಿಸಿ ಪೂಜಿಸುವುದುಂಟು. ಪೂಜೆ ಮುಗಿದ ಮೇಲೆ ಚಿನ್ನ ಕೊರಳಿಗೆ ಮರಳುತ್ತದೆ, ಅನ್ನ ಗದ್ದೆಯಲ್ಲಿ ಉಳಿಯುತ್ತದೆ. ಬಯಕೆಯೆಂದರೆ ಬಸುರಿಯ ಬಯಕೆ, ಬೀಗರದ್ದಲ್ಲ.

ನನ್ನ ಸೊಸೆಯ ಸೀಮಂತಕ್ಕೆ ಮೊದಲು ಅವಳ ತಾಯಿಗೆ ಫೋನು ಮಾಡಿ, ‘ಮಗುವಿಗೆ ಚಿನ್ನ ತರಬೇಡಿ, ನಿಮ್ಮ ಹಳೆಯ ನೂಲಿನ ಸೀರೆಗಳಿದ್ದರೆ ಎತ್ತಿಡಿ, ಬಾಣಂತನ ನಿಮ್ಮಲ್ಲೇ ಆದರೂ ಅದರ ಖರ್ಚಿನಲ್ಲಿ ಅರ್ಧ ನಮ್ಮದು’ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಜನ ಏನೆಂದಾರು, ಅಕ್ಕಾ?’ ಎಂದರು. ಜನ ಅಂದರು ಕೂಡ. ನಾಮಕರಣದ ಊಟ ಚೆನ್ನಾಗಿತ್ತಾದ್ದರಿಂದ ಬಹಳ ದಿನ ಅನ್ನಲಿಲ್ಲ.

ಕೊನೆಯದಾಗಿ ಒಂದು ಕೋರಿಕೆ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ಮತ್ತು ವರ ಬೇರೆ ಬೇರೆಯಾಗಿ ಬರೆದಿಡಬೇಕೆಂದು ಅದೇ ವರದಕ್ಷಿಣೆ ಕಾಯ್ದೆಯಡಿ ಬಂದ 1985ರ ನಿಯಮಗಳು ಹೇಳುತ್ತವೆ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು ಮತ್ತು ಸಂಬಂಧಿಕರಾದರೆ ಆ ಸಂಬಂಧ ಅದರಲ್ಲಿರಬೇಕು, ಇಬ್ಬರ ಸಹಿಯೂ ಬೇಕು. ಇಷ್ಟು ವರ್ಷ ಮುಯ್ಯಿ ಬರೆದ ನನಗೇ ಇದು ತಿಳಿದದ್ದು ನಿವೃತ್ತಿಯಾದ ಮೇಲೆ. ವಧುವಿನ ಕೈಯಲ್ಲಿ ಅಂಥ ಪಟ್ಟಿಯನ್ನು ನಾನು ಈವರೆಗೆ ಒಂದನ್ನೂ ನೋಡಿಲ್ಲ. ಮುಂದಿನ ಲಗ್ನದ ಹಂಗಾಮಿಗೆ ಮೊದಲು ತಮ್ಮ ಪತ್ರಿಕೆಯಲ್ಲಿ ಅದರ ನಮೂನೆಯನ್ನು ಒಮ್ಮೆ ಅಚ್ಚು ಹಾಕಿದರೆ, ಚಪ್ಪರದ ಬಾಗಿಲಲ್ಲಿ ಕೂರುವ ನನ್ನಂಥವರು ಕತ್ತರಿಸಿ ಮುಯ್ಯಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಕೊಳ್ಳುತ್ತೇವೆ.

ಇಂತಿ,
ನಿವೃತ್ತ ಶಾಲಾ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ